ಅತ್ತೆಯ ಹಿಮ್ಮಡಿಗೆ ಅಳಿಯನ ಮುಲಾಮು

ಅಚ್ಚುಮನೆಯಲ್ಲಿ ಕರಡು ತಿದ್ದುವುದು ನನ್ನ ಉದ್ಯೋಗ. ಕಳೆದ ತಿಂಗಳು ಗಿಡಮೂಲಿಕೆಗಳ ಪುಸ್ತಕವೊಂದು ನನ್ನ ಮೇಜಿಗೆ ಬಂತು. ಮೂರನೇ ಅಧ್ಯಾಯದ ಕಾಗುಣಿತ ಸರಿಪಡಿಸುವಷ್ಟರಲ್ಲಿ ನಾನು ಅರ್ಧ ವೈದ್ಯನಾಗಿದ್ದೆ. ಐದನೆಯದಕ್ಕೆ ಪೂರ್ತಿ!

ಸರಿಯಾಗಿ ಅದೇ ಹೊತ್ತಿಗೆ ಅತ್ತೆ ನಮ್ಮ ಮನೆಗೆ ಬಂದರು. ಮೂವತ್ತು ವರ್ಷ ನಿಂತೇ ಪಾಠ ಮಾಡಿದ ಟೀಚರು. ಹಿಮ್ಮಡಿ ಬಿರುಕುಬಿಟ್ಟಿತ್ತು. ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಕಾಲು ಜೋಪಾನ ಎಂದು ಡಾಕ್ಟರು ಎಚ್ಚರಿಸಿದ್ದರು.

"ರೀ, ಅಮ್ಮನಿಗೆ ಮೆಡಿಕಲ್ ಶಾಪಿಂದ ಒಂದು ಕ್ರೀಮ್ ತಂದುಕೊಡಿ" ಎಂದಳು ಹೆಂಡತಿ.

"ಅಂಗಡಿಯ ಕ್ರೀಮೇ? ನಾನಿರುವಾಗ ಅದು ಈ ಮನೆಯಲ್ಲಿ ಕಾಲಿಡಕೂಡದು!" ಎಂದು ಘೋಷಿಸಿದೆ.

ಲೋಳೆಸರದ ತಿರುಳು, ಬೇವಿನೆಲೆ, ಒಂದು ಹಿಡಿ ಪುದೀನ ಮಿಕ್ಸಿಗೆ ಬಿದ್ದವು. ಮುಚ್ಚಳವನ್ನು ಒತ್ತಿ ಹಿಡಿಯಬೇಕೆಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಮುಚ್ಚಳ ಹಾರಿತು, ಅಡುಗೆಮನೆಯ ಚಾವಣಿ ಹಸಿರಾಯಿತು.

"ಇದೇನ್ರೀ, ಅಡುಗೆಮನೆಯೋ ತೋಟವೋ?"

"ಪ್ರಯೋಗಶಾಲೆ!"

"ಹಾಗಾದ್ರೆ ಇವತ್ತು ಊಟಾನೂ ಪ್ರಯೋಗಶಾಲೆಯವರೇ ಮಾಡ್ಲಿ" ಎಂದು ಸೌಟು ನನ್ನ ಕೈಗಿಟ್ಟು ಹೊರಟೇಹೋದಳು.

ಉಳಿದ ರಸವನ್ನು ಜೇನುಮೇಣದ ಜೊತೆ ಕಾಯಿಸಿ ಡಬ್ಬಿಗೆ ತುಂಬಿದೆ. ಬಣ್ಣ ಪಾಚಿಯದು, ವಾಸನೆ ಅದಕ್ಕೂ ಹಳೆಯದು. ಆದರೇನು, ದಿನಾ ಮಧ್ಯಾಹ್ನ ಊಟವಾದ ಮೇಲೆ ಅಕ್ಷರಶಃ ಅತ್ತೆಯ ಕಾಲು ಹಿಡಿದೆ! ಮುಲಾಮು ಬಳಿದು, ಕಾಲುಚೀಲ ತೊಡಿಸಿ, ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಅತ್ತೆ ಒಂದು ನಿದ್ದೆ ತೆಗೆಯುತ್ತಿದ್ದರು. ಒಂದು ವಾರದಲ್ಲಿ ಬಿರುಕು ಕೂಡಿಕೊಳ್ಳತೊಡಗಿತು. ನನ್ನ ಎದೆ ಅಂಗಿಯ ಗುಂಡಿಗೆ ಅಪಾಯವಾಗುವಷ್ಟು ಉಬ್ಬಿತು. ಖುಷಿಯಲ್ಲಿ ಅತ್ತೆಗೆ ಕಡುನೀಲಿ ಬಣ್ಣದ ಹೊಸ ಕಾಲುಚೀಲವನ್ನೂ ತಂದೆ.

ಅವತ್ತು ಸಂಜೆ ಅಮ್ಮನ ಕಾಲುಚೀಲ ತೆಗೆದ ಹೆಂಡತಿ ಕಿರುಚಿದಳು. ಓಡಿಹೋಗಿ ನೋಡಿದರೆ ಅತ್ತೆಯ ಎರಡೂ ಪಾದ ನೀಲಿ! ಉಗುರೂ ನೀಲಿ!

"ಏನು ಹಾಕಿದ್ರಿ ಅದಕ್ಕೆ? ರಕ್ತ ಓಡೋದೇ ನಿಂತುಹೋಗಿದೆ!"

ಡಬ್ಬಿ ತೆಗೆದು ಮೂಸಿ ನೋಡಿದೆ. ಯಾವ ಎಲೆ ವಿಷವಾಯಿತೋ? ಪುಸ್ತಕದಲ್ಲಿ 'ಹಚ್ಚಬಾರದು' ಎಂದಿದ್ದುದನ್ನು ನಾನೇ 'ಹಚ್ಚಬಹುದು' ಎಂದು ತಿದ್ದಿಬಿಟ್ಟೆನೋ? ಆಟೋದಲ್ಲಿ ಅತ್ತೆಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿದೆ. "ಅತ್ತೆ, ನೋವಿದೆಯಾ? ಕಾಲು ಮರಗಟ್ಟಿದೆಯಾ?" ಎಂದರೆ, "ಕಚಗುಳಿ ಆಗುತ್ತೆ, ಬಿಡಿ" ಎಂದರು. ಅದೂ ರೋಗಲಕ್ಷಣವೇ ಎಂದು ನನಗೆ ಕಣ್ಣೀರು ಬಂತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಾದ ಮುಟ್ಟಿದರು, ನಾಡಿ ಹುಡುಕಿದರು. ಆಮೇಲೆ ನನ್ನ ಕೈ ನೋಡಿದರು.

"ನಿಮಗೂ ಬಂದಿದೆಯಲ್ಲ?"

ನನ್ನ ಹತ್ತೂ ಬೆರಳು ನೀಲಿ! ಪಕ್ಕದ ಮಂಚ ಖಾಲಿಯಿದೆಯೇ ಎಂದು ನೋಡಿದೆ. ಅವರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅತ್ತೆಯ ಹೆಬ್ಬೆರಳನ್ನು ಒರೆಸಿದರು. ಹತ್ತಿ ನೀಲಿಯಾಯಿತು, ಬೆರಳು ಬೆಳ್ಳಗಾಯಿತು.

"ಹೊಸ ಕಾಲುಚೀಲ ಹಾಕಿದ್ರಾ? ಬಣ್ಣ ಬಿಟ್ಟಿದೆ. ಜಿಡ್ಡಿಗೆ ಹತ್ತಿಕೊಂಡಿದೆ. ಇನ್ನೇನೂ ಇಲ್ಲ."

ಅಬ್ಬಾ! ಹೋದ ಜೀವ ಬಂತು. ಹೆಂಡತಿ ಅಳುತ್ತಲೇ ನಕ್ಕಳು. ನಾನು ಡಾಕ್ಟರಮ್ಮನಿಗೆ ಮೂರು ಸಲ ಕೈಮುಗಿದೆ.

"ಆದ್ರೆ ಹಿಮ್ಮಡಿ ಎಷ್ಟು ಮೃದುವಾಗಿದೆ! ಏನು ಹಚ್ತೀರಿ, ಅಮ್ಮಾ?" ಎಂದು ಡಾಕ್ಟರಮ್ಮ ಅತ್ತೆಯನ್ನು ಕೇಳಿದರು.

ನಾನು ಗಂಟಲು ಸರಿಮಾಡಿಕೊಂಡೆ. ಬೇವಿನಿಂದ ಆರಂಭಿಸುವುದೋ, ಲೋಳೆಸರದಿಂದಲೋ?

"ಕೊಬ್ಬರಿ ಎಣ್ಣೆ" ಎಂದರು ಅತ್ತೆ. "ಅಳಿಯಂದ್ರು ಪಾತ್ರೆ ತೊಳೆಯೋಕೆ ಹೋದ ತಕ್ಷಣ ಇವರದ್ದನ್ನ ಒರೆಸಿ ಅದನ್ನ ಹಚ್ಕೊಳ್ತಿದ್ದೆ. ಆ ವಾಸನೇಲಿ ನಿದ್ದೆ ಬರಬೇಕಲ್ಲ!"

"ಮತ್ತೆ ಡಬ್ಬಿ ಖಾಲಿಯಾಗ್ತಾ ಬಂತಲ್ಲ, ಅತ್ತೆ?" ಎಂದೆ ಕ್ಷೀಣವಾಗಿ.

"ಕಿರ್ರೆನ್ನುತ್ತಿದ್ದ ಬಚ್ಚಲುಮನೆ ಬಾಗಿಲಿನ ತಿರುಗಣಿಗೆ ದಿನಾ ಹಚ್ಚಿದೆ. ನಿಮ್ಮ ಕೈಗುಣ ದೊಡ್ಡದು, ಅಳಿಯಂದ್ರೇ. ಅದರ ನರಳಾಟ ಪೂರ್ತಿ ವಾಸಿಯಾಯ್ತು!"