ನನ್ನ ನಿರಪರಾಧಿ ಮೊಣಕಾಲು

ಇವತ್ತು ಕೇಳಿಯೇ ಬಿಡುತ್ತೇನೆ! ಸುತ್ತುಬಳಸಿ ಅಲ್ಲ, ಡಾಕ್ಟರ ಮುಖ ನೋಡಿ, ನೇರವಾಗಿ! ಎರಡು ಸಾವಿರದ ಎರಡನೇ ಇಸವಿಯ ದೀಪಾವಳಿ ಮುಗಿದ ಮೇಲೆ ಒಂದು ಮಂಗಳವಾರ, ಕನ್ನಡಿಯ ಮುಂದೆ ನಿಂತು ಮೀಸೆ ತಿರುವಿ ಹೀಗೆ ಶಪಥ ಮಾಡಿದೆ.

ನಾನು ಗುರುಶಾಂತ ಮಾಸ್ತರ್. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನದ ಬಹುತೇಕ ಎಲ್ಲಾ ಪಾಠಗಳನ್ನೂ ಕಲಿಸಿ ನಿವೃತ್ತನಾದವನು. “ಪ್ರಶ್ನೆ ಕೇಳದವನು ಕತ್ತೆ” ಎಂದು ಎಷ್ಟು ಹುಡುಗರ ಕಿವಿ ಹಿಂಡಿದ್ದೇನೋ! ಅಂಥವನಿಗೆ ಅರವತ್ತೆರಡರಲ್ಲಿ ತನ್ನದೇ ಒಂದು ಪ್ರಶ್ನೆ ಹುಟ್ಟಿದರೆ ಕೇಳದೆ ಬಿಡುವುದುಂಟೆ?

ಪ್ರಶ್ನೆ ಇಷ್ಟೇ. ಎಂಟು ತಿಂಗಳಿಂದ ಗಂಡಹೆಂಡಿರ ಸಂಗತಿಯಲ್ಲಿ ನನ್ನ ದೇಹ ಕೈಕೊಟ್ಟಿತ್ತು. ಮನಸ್ಸು ಹೂಂ ಎಂದರೆ ಮೈ ಊಹೂಂ ಎನ್ನುತ್ತಿತ್ತು. ಇದು ವಯಸ್ಸೋ, ರೋಗವೋ? ಎಲ್ಲರಿಗೂ ಹೀಗೆಯೋ, ನನಗೊಬ್ಬನಿಗೋ? ಲೈಬ್ರರಿಯಲ್ಲಿ ಆರೋಗ್ಯದ ದಪ್ಪ ಪುಸ್ತಕ ತೆಗೆದು ಹುಡುಕಿದೆ. ಯಾರಾದರೂ ಹತ್ತಿರ ಬಂದಾಗಲೆಲ್ಲ ಹಲ್ಲುನೋವಿನ ಪುಟಕ್ಕೆ ಹಾರುತ್ತಿದ್ದೆ. ಕೊನೆಗೆ ಹಲ್ಲುನೋವಿನ ವಿಷಯ ಪೂರ್ತಿ ಬಾಯಿಪಾಠವಾಯಿತು!

ಹೆಂಡತಿ ಸುಂದರಬಾಯಿಗೆ ಹೇಳುವ ಧೈರ್ಯವಾಗದೆ, ಸೆಕೆ ಎಂದು ನೆಪ ಹೇಳಿ ನನ್ನ ಮಂಚವನ್ನು ಪಡಸಾಲೆಗೆ ಹಾಕಿಕೊಂಡಿದ್ದೆ. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು, ಚಳಿ ಬಂತು. ಮಂಚ ಮಾತ್ರ ಅಲ್ಲೇ! ಅವಳು ಮೊದಮೊದಲು ನಕ್ಕಳು, ಆಮೇಲೆ ಮಾತು ಕಡಿಮೆ ಮಾಡಿದಳು. ಒಂದು ದಿನ ರೊಟ್ಟಿ ಬಡಿಯುತ್ತಾ, “ನಾ ಮುದುಕಿ ಆಗೀನಿ ಬಿಡ್ರಿ” ಎಂದಳು. ಆ ಮಾತು ನನ್ನ ಎದೆಗೆ ನಾಟಿತು. ತಪ್ಪು ನಿನ್ನದಲ್ಲ ಎಂದು ಅವಳಿಗೆ ಹೇಳಬೇಕು. ಹೇಳಬೇಕಾದರೆ ತಪ್ಪು ಯಾರದೆಂದು ಮೊದಲು ನನಗೆ ಗೊತ್ತಾಗಬೇಕಲ್ಲ!

ಊರಲ್ಲಿ ಕೇಳುವಂತಿರಲಿಲ್ಲ. ಕಲ್ಯಾಣದಲ್ಲಿ ನಾನು ಕೆಮ್ಮಿದರೆ ದೂರದ ಕೊಹಿನೂರ ಹಳ್ಳಿಯಲ್ಲಿ “ಮಾಸ್ತರಿಗಿ ಟಿ.ಬಿ. ಅಂತ” ಎಂದು ಸುದ್ದಿಯಾಗುತ್ತದೆ. ಆದ್ದರಿಂದ ಹುಮನಾಬಾದ್! ಅಲ್ಲಿ ಯಾರೋ ಹೊಸ ಡಾಕ್ಟರು ಬಂದಿದ್ದರು. ಅವರಿಗೆ ನಾನ್ಯಾರೋ, ನನಗೆ ಅವರ್ಯಾರೋ. ಬಿ.ಪಿ. ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿದೆ. “ನಾನೂ ಬರ್ತೀನಿ” ಎಂದು ಸುಂದರಬಾಯಿ ಚಪ್ಪಲಿ ಮೆಟ್ಟಿದಳು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ.

ಬಸ್ಸು ಹತ್ತಿದರೆ ಅಲ್ಲಿ ಬಂಡೆಪ್ಪ! ನಮ್ಮ ಓಣಿಯ ಹಿಟ್ಟಿನ ಗಿರಣಿಯವನು.

“ಎಲ್ಲಿಗಿ ಹೊಂಟೀರಿ ಸರ್, ಜೋಡಿಲೇ?”

“ದವಾಖಾನಿಗಿ.”

“ಯಾಕ್ರಿ, ಏನಾಗ್ಯಾದ?”

ಬಿ.ಪಿ. ಎಂದರೆ, ಅದಕ್ಕೆ ಹುಮನಾಬಾದಿಗೆ ಯಾಕೆ ಎಂದು ಕೇಳುತ್ತಾನೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ, “ಮೊಣಕಾಲ!”

ಸುಂದರಬಾಯಿ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದಳು.

“ಯಾವ ಕಾಲ್ರಿ?”

“ಬಲಗಾಲ.”

ದವಾಖಾನೆಗೆ ಹೊರಟವನನ್ನು ಅವನಷ್ಟಕ್ಕೆ ಬಿಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಗಿರಣಿಗೆ ಬೆಲ್ಟ್ ತರಲು ಹೊರಟಿದ್ದ ಬಂಡೆಪ್ಪ ಬೆಲ್ಟ್ ಮರೆತ. “ನಾ ಅದೀನಲ್ಲ ಸರ್, ಫಿಕರ್ ಮಾಡಬ್ಯಾಡ್ರಿ!” ಬಸ್ಸು ರಾಜೇಶ್ವರ ದಾಟುವಷ್ಟರಲ್ಲಿ ನನ್ನ ಮೊಣಕಾಲು ಸಾರ್ವಜನಿಕ ಆಸ್ತಿಯಾಗಿತ್ತು! ಒಬ್ಬರು ಎಕ್ಕದ ಎಲೆ ಕಾಸಿ ಕಟ್ಟೆಂದರು, ಇನ್ನೊಬ್ಬರು ಔಡಲೆಣ್ಣೆ ತಿಕ್ಕೆಂದರು. ಹುಮನಾಬಾದಿನಲ್ಲಿ ಬಂಡೆಪ್ಪ ನನ್ನ ರಟ್ಟೆ ಹಿಡಿದು ಇಳಿಸಿದ. ಇನ್ನು ಕುಂಟದೆ ಗತಿಯಿಲ್ಲ. ಕುಂಟುವುದು ಏನೆಂದುಕೊಂಡಿರಿ? ಯಾವ ಕಾಲು ಎಂದು ನೆನಪಿಟ್ಟುಕೊಳ್ಳಬೇಕು!

ದವಾಖಾನೆಯಲ್ಲಿ ಕರ್ಟನ್ ಸರಿಸಿ ಮೂವರೂ ಒಳಗೆ ಹೋದೆವು. ಡಾಕ್ಟರು ತಟ್ಟನೆ ಎದ್ದು ಬಂದು, ಬಗ್ಗಿ ನನ್ನ ಕಾಲು ಮುಟ್ಟಿದರು. ಇಷ್ಟು ಬೇಗ ತಪಾಸಣೆಯೇ ಎಂದು ನಾನು ದಂಗಾದೆ. ಅದು ನಮಸ್ಕಾರ!

“ಸರ್! ನಾ ಅನೀಲಕುಮಾರ್ರಿ. ಎಂಬತ್ತೆರಡರ ಬ್ಯಾಚ್, ಮೂರನೇ ಬೆಂಚ್!”

ಭೂಮಿ ಬಾಯಿ ಬಿಡಬಾರದೇ! ಕಿವಿ ಹಿಂಡಿದ ಹುಡುಗನ ಮುಂದೆ ಈ ಪ್ರಶ್ನೆ ಹೇಗೆ ಕೇಳಲಿ? ನನ್ನ ಶಪಥ ಅಲ್ಲೇ ಕುರ್ಚಿಯ ಕೆಳಗೆ ನುಸುಳಿತು.

“ಏನ್ ತಕಲೀಫ್ ಸರ್?”

ನಾನು ಬಾಯಿ ತೆರೆಯುವಷ್ಟರಲ್ಲಿ ಬಂಡೆಪ್ಪನ ವರದಿ ಶುರುವಾಯಿತು. “ಬಲಗಾಲ ಮೊಣಕಾಲ್ರಿ ಡಾಕ್ಟರ್ ಸಾಬ್! ಕೂತ್ರ ಏಳಾಕ ಆಗಂಗಿಲ್ಲ, ಎದ್ರ ಕೂಡಾಕ ಆಗಂಗಿಲ್ಲ!”

“ಆದ್ರ ಸರ್ ಎಡಗಾಲ ಕುಂಟಾಕತ್ತಾರಲ್ರಿ?” ಎಂದ ಅನೀಲಕುಮಾರ.

“ಎರಡೂ,” ಎಂದೆ.

ಎರಡೂ ಎಂದಮೇಲೆ ಎರಡಕ್ಕೂ ಶಿಕ್ಷೆ! ಮಡಚಿದ, ಚಾಚಿದ, ಪುಟ್ಟ ಸುತ್ತಿಗೆಯಿಂದ ಬಡಿದ, ಕೊನೆಗೆ ಎಕ್ಸ್‌ರೇ ತೆಗೆಸಿದ. ಅದನ್ನು ಬೆಳಕಿಗೆ ಹಿಡಿದು ಅನೀಲಕುಮಾರ ತಲೆ ಕೆರೆದುಕೊಂಡ. “ಸರ್, ಇವು ನನ್ನ ಮೊಣಕಾಲಕಿಂತ ಚೊಲೋ ಅದಾವ್ರಿ.”

ಆಗ ಸುಂದರಬಾಯಿ ಬಾಯಿ ಬಿಟ್ಟಳು. “ಬಂಡೆಪ್ಪಣ್ಣಾ, ನಿಮ್ಮ ಗಿರಣಿ ಬೆಲ್ಟ್! ಊಟಕ್ಕ ಅಂಗಡಿ ಮುಚ್ಚತಾವ, ಲಗೂನ ಹೋಗ್ರಿ.”

ಬಂಡೆಪ್ಪ ಹಣೆ ಬಡಿದುಕೊಂಡು ಓಡಿದ. ಅವಳು ಡಾಕ್ಟರ ಕಡೆ ತಿರುಗಿದಳು.

“ತಮ್ಮಾ, ಮೊಣಕಾಲ ಬಿಡು. ಇವರು ಮಂಚ ಪಡಸಾಲಿಗಿ ಹಾಕ್ಕೊಂಡು ಎಂಟು ತಿಂಗಳಾತು. ಬಿ.ಪಿ. ಗುಳಿಗಿ ಬದಲಿ ಮಾಡಿದ್ದೂ ಆವಾಗೇ. ನನಗ ಆ ಗುಳಿಗಿ ಮ್ಯಾಲೇ ಗುಮಾನಿ.” ಅವಳ ದನಿ ಸಣ್ಣದಾಯಿತು. “ಇಲ್ಲಾಂದ್ರ ನನ್ನ ಮ್ಯಾಲಿನ ಮನಸು ಹೋಗಿರಬೇಕು. ಎರಡರಾಗ ಯಾವುದು, ಹೇಳಿಬಿಡು.”

“ಮನಸು ಹೋಗಿಲ್ಲ!” ಎಂದು ನಾನು ಚೀರಿದೆ. ಹೊರಗೆ ಕೂತಿದ್ದ ಪೇಷಂಟುಗಳೆಲ್ಲ ಒಮ್ಮೆಲೇ ಗಪ್ಪಾದರು.

ನಾಚಿಕೆಯ ನಡುವೆಯೂ ನನಗೆ ಬೆರಗು. ನಾಲ್ಕನೇ ಇಯತ್ತೆ ಓದಿದವಳು ಅಡುಗೆಮನೆಯಲ್ಲಿ ಕೂತು ಕಾರಣ ಹುಡುಕಿದ್ದಳು. ಬಿ.ಎಸ್ಸಿ. ಓದಿದ ನಾನು ಲೈಬ್ರರಿಯಲ್ಲಿ ಹಲ್ಲುನೋವು ಓದಿದ್ದೆ!

“ಗೊತ್ತಿದ್ದು ಬಸ್ಸಿನ್ಯಾಗ ಯಾಕ ಸುಮ್ಮ ಕೂತಿ?” ಎಂದೆ.

“ಮೊಣಕಾಲ ಎಲ್ಲಿತನ ಹೋಗ್ತದ ನೋಡೂಣು ಅಂತ.”

ಅನೀಲಕುಮಾರ ನಗಲಿಲ್ಲ. ಅವಳು ಸೆರಗಿನ ಗಂಟಿನಿಂದ ತೆಗೆದುಕೊಟ್ಟ ಗುಳಿಗೆಯ ಚೀಟಿ ಓದಿ, ಜ್ವರದ ವಿಷಯ ಮಾತಾಡುವಷ್ಟೇ ಸಲೀಸಾಗಿ ಹೇಳಿದ. “ಅವ್ವಾರ ಗುಮಾನಿ ಖರೇ ಇರಬಹುದ್ರಿ. ಈ ಗುಳಿಗಿ ಕೆಲವ್ರಿಗಿ ಹಿಂಗ ಮಾಡ್ತದ. ಶುಗರ್ ಸುದ್ದಾ ನೋಡೂಣು. ನೀವಾಗೇ ಗುಳಿಗಿ ಬಿಡಬ್ಯಾಡ್ರಿ, ನಾ ಬದಲಿ ಬರದು ಕೊಡ್ತೀನಿ. ನಾಚಕೋಬ್ಯಾಡ್ರಿ ಸರ್. ನಿಮ್ಮ ವಯಸ್ಸಿನವರು ಭಾಳ ಮಂದಿ ಬರ್ತಾರ. ಎಲ್ಲಾರೂ ಮೊಣಕಾಲ ಅಂತೇ ಬರ್ತಾರ!”

ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡು, ರಕ್ತ ಎಲ್ಲಿಂದ ಎಲ್ಲಿಗೆ ಹರಿಯಬೇಕೆಂದು ಚಿತ್ರ ಬರೆಯಲು ಶುರುಮಾಡಿದ. ಹೆಂಡತಿಯ ಎದುರಿಗೆ! ನನ್ನ ಕಿವಿ ಕಾದವು.

“ಚಿತ್ರ ಗಿತ್ರ ಬ್ಯಾಡಪ್ಪ,” ಎಂದೆ. “ಪುಸ್ತಕ ಇದ್ರ ಕೊಡು. ಮನ್ಯಾಗ ಓದ್ಕೋತೀನಿ.”

ಅನೀಲಕುಮಾರ ಪೆನ್ನು ಕೆಳಗಿಟ್ಟ.

“ಸರ್, ಎಂಬತ್ತೆರಡರಾಗ ಸಂತಾನೋತ್ಪತ್ತಿಯ ಇದೇ ಪಾಠ ಬಂದಾಗ ನೀವು ಪುಸ್ತಕ ಮುಚ್ಚಿ ‘ಮನ್ಯಾಗ ಓದ್ಕೋರಿ’ ಅಂದಿದ್ರಿ. ಇಡೀ ಕ್ಲಾಸ್ ಓದ್ಕೊಂಡು ಬಂದೇವ್ರಿ. ನೀವೊಬ್ಬರೇ ಉಳಿದೀರಿ!”

ನಾನು ಕೈ ಕಟ್ಟಿ ಕೂತೆ. ಸುಂದರಬಾಯಿ ತನ್ನ ಕುರ್ಚಿಯನ್ನು ನನ್ನ ಕುರ್ಚಿಗೆ ತಾಗುವಂತೆ ಎಳೆದುಕೊಂಡಳು.

“ಹೇಳು ತಮ್ಮಾ, ಮೊದಲಿಂದ ಹೇಳು,” ಎಂದಳು. “ಪ್ರಶ್ನೆ ಕೇಳಲಿಲ್ಲಂದ್ರ ಕಿವಿ ಹಿಂಡು!”