ಊಟಕ್ಕೆ ಹದಿನೈದು ನಿಮಿಷ ಮೊದಲು

ಊಟಕ್ಕೆ ಹದಿನೈದು ನಿಮಿಷ ಮೊದಲು ನುಂಗತಕ್ಕದ್ದು ಎಂದು ಗುಳಿಗೆ ಬರೆದುಕೊಡುವ ಡಾಕ್ಟರುಗಳಿಗೆ ಒಂದು ಸಂಗತಿ ಗೊತ್ತಿರುವುದಿಲ್ಲ. ಸೇಡಂನಲ್ಲಿ ಊಟ ಯಾವಾಗ ಎಂಬುದು ಬಡಿಸುವವರಿಗೂ ತಿಳಿಯದ ಗುಟ್ಟು. ಆರು ವರ್ಷದಿಂದ ಸಕ್ಕರೆ ಕಾಯಿಲೆ ಹೊತ್ತು ತಿರುಗುವ ಅಂಬಾರಾಯನ ಬದುಕೆಲ್ಲ ಆ ಹದಿನೈದು ನಿಮಿಷದಲ್ಲೇ ಸಿಕ್ಕಿಕೊಂಡಿತ್ತು. ಊಟಕ್ಕೆ ಮೊದಲು ಒಂದು ಗುಳಿಗೆ, ಊಟದ ಜೊತೆ ಒಂದು, ಊಟವಾದ ಮೇಲೆ ಎರಡು, ಮಲಗುವಾಗ ಇನ್ನೊಂದು. ನಡುವೆ ಎಲ್ಲಾದರೂ ಜಾಗ ಸಿಕ್ಕರೆ ರೊಟ್ಟಿ.

ಸಿಮೆಂಟ್ ಕಾರ್ಖಾನೆಯಲ್ಲಿ ಲಾರಿ ತೂಗುವ ಕಾಟಾದ ಗುಮಾಸ್ತ ಅವನು. ಹೋದ ವರ್ಷ ಒಮ್ಮೆ ಗುಳಿಗೆ ನುಂಗಿ, ಲಾರಿಗಳ ಗದ್ದಲದಲ್ಲಿ ಊಟ ಮರೆತು, ಶುಗರ್ ಇಳಿದು ಕಾಟಾದ ಮೇಲೆಯೇ ದೊಪ್ಪನೆ ಬಿದ್ದಿದ್ದ. ಜೊತೆಗಾರ ದೇವಾನಂದ ನೀರು ಚಿಮುಕಿಸುವ ಬದಲು ಗುಂಡಿ ಒತ್ತಿ ತೂಕದ ಚೀಟಿ ತೆಗೆದ. ಎಂಬತ್ತು ಕಿಲೊ. ಆ ಚೀಟಿಯನ್ನು ಇಡೀ ಓಣಿಗೆ ತೋರಿಸಿಯೂ ಬಂದ. ಅಂದಿನಿಂದ ಅಂಬಾರಾಯನಿಗೆ ಸಾಯುವ ಹೆದರಿಕೆ ಅರ್ಧವಾದರೆ, ಜನರ ಮುಂದೆ ಮತ್ತೆ ಬೀಳುವ ಹೆದರಿಕೆ ಇನ್ನರ್ಧ.

ಆ ಭಾನುವಾರ ಚಿಂಚೋಳಿ ರಸ್ತೆಯಲ್ಲಿ ಉದಯಕುಮಾರನ ಹೊಸ ಔಷಧಿ ಅಂಗಡಿಯ ಉದ್ಘಾಟನೆ. ರಿಬ್ಬನ್ ಕತ್ತರಿಸಲು ಚಿತ್ತಾಪುರದಿಂದ ಡಾಕ್ಟರ್ ಲಕ್ಷ್ಮಿಕಾಂತ ಬರಬೇಕು. ಅಂಬಾರಾಯನಿಗೆ ಗುಳಿಗೆ ಬರೆದುಕೊಟ್ಟವರೂ ಅವರೇ. ಅಂಗಡಿಯ ಮಗ್ಗುಲಿಗೆ ಪೆಂಡಾಲು, ಪೆಂಡಾಲಿನಲ್ಲಿ ಹೋಳಿಗೆ ಊಟ. ಹನ್ನೆರಡೂವರೆಗೆ ಉದಯಕುಮಾರ ಬಂದು ಕೈಮುಗಿದ.

"ಕಾಕಾ, ಕೈ ತೊಳಕೊಳ್ರಿ. ಡಾಕ್ಟರ್ ಸಾಹೇಬ್ರು ಊರಾಗ ಬಂದ್ರು. ರಿಬ್ಬನ್ ಕತ್ತರಿಸಿದ ಕೂಡ್ಲೆ ಪಂಕ್ತಿ."

ಅಂಬಾರಾಯ ಜೇಬಿನಿಂದ ಗುಳಿಗೆ ತೆಗೆದು ನುಂಗಿ ಗಡಿಯಾರ ನೋಡಿಕೊಂಡ. ಒಂದು ಗಂಟೆಗೆ, ಡಾಕ್ಟರು ಈಗಷ್ಟೇ ಚಿತ್ತಾಪುರ ಬಿಟ್ಟರೆಂದು ಸುದ್ದಿ ಬಂತು.

"ಊರಾಗ ಬಂದ್ರು ಅಂದಿ?" ಅಂಬಾರಾಯ ಉದಯಕುಮಾರನನ್ನು ತಡೆದು ಕೇಳಿದ.

"ಹಂಗ ಅನ್ನಬೇಕಾಗ್ತದ್ರಿ ಕಾಕಾ. ಇಲ್ಲಾಂದ್ರ ಮಂದಿ ನಿಲ್ತಾರೇನು?"

ಒಂದೂಕಾಲಕ್ಕೆ ರೈಲ್ವೆ ಗೇಟು ಬಿದ್ದಿದೆ ಎಂದರು. ಅಂಬಾರಾಯನ ಅಂಗೈ ಬೆವರಿತು. ಹೊಟ್ಟೆಯೊಳಗೆ ಗುಳಿಗೆ ತನ್ನ ಕೆಲಸ ಶುರು ಮಾಡಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಮೊಣಕಾಲು ನಡುಗತೊಡಗಿದ್ದೇ ತಡ, ಒಂದು ಚೂರು ಸಿಹಿ ಬಾಯಿಗೆ ಬೀಳದಿದ್ದರೆ ತಾನು ಬೀಳುವುದು ಖಚಿತ ಎಂದು ಅಡುಗೆಯ ಕಡೆ ಧಾವಿಸಿದ. ಅಲ್ಲಿ ಉದಯಕುಮಾರನ ತಾಯಿ ಚಂದಮ್ಮ ಮೂರು ಪರಾತ ಹೋಳಿಗೆ ಮುಂದಿಟ್ಟುಕೊಂಡು ಕಾವಲು ಕೂತಿದ್ದಳು.

"ಚಂದಮ್ಮಾ, ಒಂದು ಹೋಳಗಿ ಕೊಡವ್ವ. ಗುಳಿಗಿ ನುಂಗೀನಿ, ಶುಗರ್ ಇಳೀಲಿಕತ್ತದ."

"ಅಯ್ಯ, ಶುಗರ್ ಇದ್ದವರು ಹೋಳಗಿ ಕೇಳ್ತೀರಿ? ನಾಚಿಕಿ ಬರಂಗಿಲ್ಲೇನ್ರಿ? ನಮ್ಮವರು ಕದ್ದು ತಿಂತಾರ, ಜರಾ ಕಣ್ಣಿಡ್ರಿ ಅಂತ ನಿಮ್ಮ ಉಮಾದೇವಿ ನನ್ನ ಕೈ ಹಿಡದು ಹೇಳ್ಯಾಳ."

"ಹೆಚ್ಚಾಗಿಲ್ಲವ್ವ, ಕಡಿಮಿ ಆಗ್ಯದ!"

"ಕಡಿಮಿ ಆದ್ರ ಚಲೋನೇ ಆತಲ್ರಿ. ಮತ್ತ್ಯಾಕ ಹೆಚ್ಚು ಮಾಡ್ಕೋತೀರಿ?"

ಮಾತಿನ ಜೊತೆಗೇ ಒಂದು ಮುಷ್ಟಿ ಮೆಂತ್ಯದ ಕಾಳು ಅವನ ಅಂಗೈಗೆ ಬಿತ್ತು. ಅವನು ಚಹಾದವನ ಕಡೆ ತಿರುಗಿದರೆ ಚಂದಮ್ಮ ಕೂತಲ್ಲಿಂದಲೇ ಕೂಗಿದಳು, "ಏ, ಅವರಿಗಿ ಸಕ್ಕರಿ ಇಲ್ದ ಚಾ ಕೊಡಪ್ಪ!" ಪೆಂಡಾಲಿನ ಇನ್ನೂರು ಜನ ಕತ್ತು ತಿರುಗಿಸಿದರು. ಒಬ್ಬೊಬ್ಬರಿಗೂ ಅವನ ಶುಗರಿನ ಬಗ್ಗೆ ಅವನಿಗಿಂತ ಹೆಚ್ಚು ತಿಳಿದಿತ್ತು. ಹಾಗಲಕಾಯಿ ರಸ ಎಂದರು ಕೆಲವರು, ಬೇವಿನ ಚಿಗುರು ಎಂದರು ಕೆಲವರು. ಊರಿನಲ್ಲಿ ಡಾಕ್ಟರಲ್ಲದವನು ಆ ಹೊತ್ತಿಗೆ ಅಂಬಾರಾಯ ಒಬ್ಬನೇ.

ಅಷ್ಟರಲ್ಲಿ ದೇವಾನಂದ ಬಂದು ಅವನ ತೋಳು ಹಿಡಿದ.

"ಮಾರಿ ಯಾಕ ಹಿಂಗ ಬಿಳಿಚಿಕೊಂಡದ? ಗ್ಯಾಸ್ ಆಗಿರಬೇಕು. ನಡಿ, ನಾಕು ಹೆಜ್ಜಿ ಅಡ್ಡಾಡಿದ್ರ ಎಲ್ಲಾ ಇಳೀತದ."

"ಇಳೀಲಿಕತ್ತಿದ್ದೇ ತ್ರಾಸ್ ಅಲ್ಲೇನೋ!" ಎಂದು ಅಂಬಾರಾಯ ಗೋಗರೆದ. ಯಾರು ಕೇಳಬೇಕು? ಮೇ ತಿಂಗಳ ಬಿಸಿಲಲ್ಲಿ ಅವನನ್ನು ಬಸ್ ನಿಲ್ದಾಣದವರೆಗೆ ಎಳೆದೊಯ್ದು ಮರಳಿ ತಂದು ನಿಲ್ಲಿಸಿದ ದೇವಾನಂದನಿಗೆ ಪುಣ್ಯ ಮಾಡಿದ ತೃಪ್ತಿ. ದಾರಿಯುದ್ದಕ್ಕೂ ಆ ಎಂಬತ್ತು ಕಿಲೊ ಕತೆಯನ್ನು ಇನ್ನೂ ನಾಲ್ಕು ಜನರಿಗೆ ಹೇಳಿದ್ದ.

ಅಂಬಾರಾಯನ ಕಣ್ಣಿಗೆ ಕತ್ತಲೆ ಕವಿಯತೊಡಗಿತು. ಆ ಕತ್ತಲೆಯಲ್ಲೂ ಕಂಡದ್ದು ಹೊಸ ಅಂಗಡಿಯ ಗಾಜಿನ ಹಿಂದೆ ಗೋಪುರ ಕಟ್ಟಿಟ್ಟ ಗ್ಲೂಕೋಸ್ ಪುಡಿಯ ಪೊಟ್ಟಣಗಳು. ಅವನಿಗೂ ಜೀವಕ್ಕೂ ನಡುವೆ ಒಂದು ಕೆಂಪು ರಿಬ್ಬನ್ ಇತ್ತು, ರಿಬ್ಬನ್ನಿನ ಮುಂದೆ ಉದಯಕುಮಾರ ನಿಂತಿದ್ದ.

"ಒಂದು ಗ್ಲೂಕೋಸ್ ಕೊಡೋ ಉದಯ. ಸಾಯ್ಲಿಕತ್ತೀನಿ."

"ಕಾಕಾ, ಬೋಣಿಗಿ ಡಾಕ್ಟರ್ ಸಾಹೇಬ್ರ ಕೈಲೇ ಆಗಬೇಕು. ಚಕ್ಕರ್ ಬಂದವರ ಕೈಲೆ ಬೋಣಿಗಿ ಮಾಡಿಸಿದ್ರ ಅಂಗಡಿ ಉದ್ಧಾರ ಆಗ್ತದೇನ್ರಿ?"

"ಔಷಧಿ ಅಂಗಡಿಗಿ ಚಕ್ಕರ್ ಬಂದವರು ಬರದೆ ಮದಿಮಕ್ಕಳು ಬರ್ತಾರೇನೋ?"

"ಆಮ್ಯಾಲ ಬರ್ಲಿ ಕಾಕಾ, ಬೇಡ ಅಂದೋರ್ಯಾರು? ಮೊದಲ ಗಿರಾಕಿ ಗಟ್ಟಿ ಇರಬೇಕು."

ಆರು ವರ್ಷ ಎಲ್ಲರ ಮಾತು ಕೇಳಿಕೊಂಡು ಬಂದ ಮನುಷ್ಯನೊಳಗೆ ಆಗ ಏನೋ ಹರಿಯಿತು. ಪೂಜೆಯ ತಟ್ಟೆಯಲ್ಲಿದ್ದ ನೈವೇದ್ಯದ ಹೋಳಿಗೆಗಳನ್ನು ಬಾಚಿ, ಒಂದರ ಹಿಂದೊಂದು ಆರನ್ನೂ ಬಾಯಿಗೆ ತುರುಕಿಕೊಂಡ. ಚಂದಮ್ಮ ಚೀರಿದಳು. ದೇವಾನಂದ ಹಿಡಿಯಲು ಬಂದ. ಅವನನ್ನು ಕೊಡವಿ ಅಂಬಾರಾಯ ಎದೆಯಿಂದಲೇ ರಿಬ್ಬನ್ ಹರಿದು ಒಳನುಗ್ಗಿ, ಗ್ಲೂಕೋಸ್ ಪೊಟ್ಟಣ ಒಡೆದು ಗಂಟಲಿಗೆ ಸುರುವಿಕೊಂಡ. ಗಿರಣಿಯ ಹಿಟ್ಟು ಬಿದ್ದಂತೆ ಮೀಸೆಯೆಲ್ಲ ಬೆಳ್ಳಗಾಯಿತು.

ಹತ್ತು ನಿಮಿಷದಲ್ಲಿ ನಡುಕ ನಿಂತಿತು. ಇಡೀ ಬದುಕಿನಲ್ಲಿ ಮೊದಲ ಸಲ ಅವನು ದನಿ ಎತ್ತಿದ. "ನೋಡ್ರಿ! ಜೀವ ಉಳೀತು. ನಿಮ್ಮಿಂದಲ್ಲ. ನಿಮ್ಮ ಕೈಯಾಗಿದ್ದಿದ್ರ ಇಷ್ಟೊತ್ತಿಗಿ ಹೆಣಾ ಆಗ್ತಿದ್ದೆ!"

ಎರಡೂಕಾಲಕ್ಕೆ ಬಂದ ಡಾಕ್ಟರ್ ಲಕ್ಷ್ಮಿಕಾಂತ ಹರಿದ ರಿಬ್ಬನ್ ನೋಡಿ, ನಡೆದದ್ದೆಲ್ಲ ಕೇಳಿ ಕೆಂಡವಾದರು. "ಶುಗರ್ ಇಳಿದವರಿಗಿ ಸಕ್ಕರಿ ಕೊಡೋದು ಬಿಟ್ಟು ಮೆಂತ್ಯ ಕೊಡ್ತೀರೇನ್ರಿ? ಬಿಸಿಲಾಗ ತಿರುಗಿಸ್ತೀರಿ? ಇವರು ಸತ್ತಿದ್ರ ಯಾರು ಜವಾಬ್ದಾರಿ?" ಚಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ದೇವಾನಂದ ನೆಲ ನೋಡಿದ. ಉದಯಕುಮಾರ ಓಡಿಹೋಗಿ ಅಂಬಾರಾಯನಿಗೆ ಗಾದಿಯ ಕುರ್ಚಿ ತಂದ. ಅಂಬಾರಾಯ ಅದರಲ್ಲಿ ಮದುಮಗನಂತೆ ಕೂತ.

"ಕೈ ತೋರಸ್ರಿ, ಈಗ ಎಷ್ಟದ ನೋಡೋಣ," ಎಂದು ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿದರು. ಯಂತ್ರ ನೋಡಿದರು. ಒರೆಸಿ, ಮತ್ತೊಮ್ಮೆ ಚುಚ್ಚಿ ನೋಡಿದರು.

"ಮುನ್ನೂರ ತೊಂಬತ್ತು! ಯಾವ ಗುಳಿಗಿ ನುಂಗೀರಿ ನೀವು?"

ಅಂಬಾರಾಯ ಜೇಬಿನಿಂದ ಸ್ಟ್ರಿಪ್ ತೆಗೆದು ಠೀವಿಯಿಂದ ಕೊಟ್ಟ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು.

"ಇದು ಕ್ಯಾಲ್ಸಿಯಂ ಅದ. ನಿಮ್ಮ ಹೆಂಡ್ತಿ ಮೊಣಕಾಲಿಗಿ ನಾನೇ ಬರ್ದಿದ್ದು. ಶುಗರಿನ ಗುಳಿಗಿ ನೀವು ನುಂಗೇ ಇಲ್ಲ."

"ಮತ್ತ ಬೆವರು? ಚಕ್ಕರ್?"

"ಹಸಿವಿ ಮತ್ತ ಹೆದರಿಕಿ. ಎರಡು ಗಂಟಿ ಮಟ ಊಟ ಕೊಡದಿದ್ರ ಯಾರಿಗಾದ್ರೂ ಆಗ್ತದ."

ಚಂದಮ್ಮ ಸೆರಗು ಬಾಯಿಂದ ತೆಗೆದಳು. "ನಾ ಏನ್ ಹೇಳ್ದೆ? ಹೋಳಗಿ ಆಸಿಗಿ ನಾಟಕ ಅಂತ ನನಗ ಆಗಲೇ ಗೊತ್ತಾಗಿತ್ತು!" ಇನ್ನೂರು ತಲೆಗಳು ಹೌದು ಹೌದೆಂದು ಆಡಿದವು. ಬೈದ ಬಾಯಲ್ಲೇ ಡಾಕ್ಟರು ಈಗ ಅವಳನ್ನು ಹೊಗಳಿದರು. "ನೀವು ತಡದದ್ದೇ ಚಲೋ ಆತು ಬಿಡ್ರಿ," ಎಂದು ಸತ್ಕಾರಕ್ಕೆಂದು ಉದಯಕುಮಾರ ತಮ್ಮ ಹೆಗಲಿಗೆ ಹಾಕಿದ್ದ ಶಾಲನ್ನು ತೆಗೆದು ಚಂದಮ್ಮನಿಗೆ ಹೊದಿಸಿದರು. ಅಂಬಾರಾಯನಿಗೆ ದಿನಾ ಎರಡು ಹೊತ್ತು ಇಂಜೆಕ್ಷನ್ ಬರೆದರು.

ಆಗ ದೇವಾನಂದ ಮುಂದೆ ಬಂದು, ಎಲ್ಲರಿಗೂ ಕೇಳುವಂತೆ ಎದೆ ಮುಟ್ಟಿಕೊಂಡು ಹೇಳಿದ, "ಡಾಕ್ಟರ್ ಸಾಹೇಬ್ರ, ನಿಮ್ಮ ಮುಂದ ಮಾತು ಕೊಡ್ತೀನಿ. ಇನ್ನ ಮ್ಯಾಲ ಈ ಅಂಬಾರಾಯ ನೆಲಕ್ಕ ಬಿದ್ದು ಹೊಳ್ಳಾಡಿದ್ರೂ ಸೇಡಂದಾಗ ಯಾರೂ ಒಂದು ಹರಳು ಸಕ್ಕರಿ ಕೊಡಂಗಿಲ್ಲ!"

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಡಾಕ್ಟರೂ ತಟ್ಟಿದರು.