ಬೆಳಕಿಗಿಂತ ವೇಗವಾಗಿ ಹೋದ ಸಂಬಂಧ

ಭೌತಶಾಸ್ತ್ರದ ಪ್ರಾಧ್ಯಾಪಕನಾದವನು ತನ್ನ ಮಗಳಿಗೆ ಮಾತ್ರ ಭೌತಶಾಸ್ತ್ರ ಕಲಿಸಬಾರದು. ಈ ಎಚ್ಚರಿಕೆಯನ್ನು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ. ಬರೆದಿದ್ದರೆ ನಾನು ಮಗಳನ್ನು ಕಾಮರ್ಸಿಗೆ ಕಳಿಸಿ, ಇಷ್ಟು ಹೊತ್ತಿಗೆ ಅಳಿಯನ ಎದುರು ಕೂತು ಕಿತ್ತಳೆಯ ಸಂತ್ರಾ ಬರ್ಫಿ ತಿನ್ನುತ್ತಿದ್ದೆ. ನಾಗಪುರದ ಕಾಲೇಜೊಂದರಲ್ಲಿ ಮೂವತ್ತು ವರ್ಷಗಳಿಂದ ಬೆಳಕಿನ ವೇಗದ ಪಾಠ ಹೇಳುತ್ತಿದ್ದೇನೆ. ಅದರಿಂದ ಬೆಳಕಿಗೇನೂ ಲಾಭವಾಗಿಲ್ಲ, ನನಗಂತೂ ಮೊದಲೇ ಇಲ್ಲ. ಬಜಾಜ್ ನಗರದ ನಮ್ಮ ಓಣಿಯವರಿಗೆ ನನ್ನ ನೆನಪಾಗುವುದು ಫ್ಯೂಸ್ ಹೋದಾಗ ಮಾತ್ರ. ನೀವು ಫಿಜಿಕ್ಸಿನವರಲ್ಲವೇ ಎಂದು ಮರಾಠಿಯಲ್ಲಿ ಕೇಳುತ್ತಾ ಟಾರ್ಚು ಹಿಡಿದು ಬರುತ್ತಾರೆ. ಫ್ಯೂಸ್ ಕಟ್ಟಲು ನನಗೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಅವರು ನನ್ನನ್ನು ನೋಡುವ ರೀತಿ ಇದೆಯಲ್ಲ, ಅದನ್ನು ನನ್ನ ವೈರಿಗಳೂ ಅನುಭವಿಸುವುದು ಬೇಡ.

ಮಗಳು ಅಶ್ವಿನಿ ಎಂ.ಎಸ್ಸಿ. ಮುಗಿಸಿ, ಮುಂದೆ ಸಂಶೋಧನೆ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಬಂದ ವರಗಳ ಮನೆಯವರೆಲ್ಲ ಸಂಶೋಧನೆ ಎಂಬ ಮಾತು ಕೇಳಿದ ಕೂಡಲೇ ಜಾತಕ ಕೂಡುವುದಿಲ್ಲ ಎನ್ನುತ್ತಿದ್ದರು. ಅಂಥದ್ದರಲ್ಲಿ ಊರಲ್ಲೇ ಇದ್ದ ಧರಮಪೇಠದ ಕನ್ನಡಿಗ ದೇಸಾಯರ ಸಂಬಂಧ ಬಂತು. ದೇಸಾಯರು ಏರ್ ಫೋರ್ಸಿನ ಲೆಕ್ಕಪತ್ರದ ಕಚೇರಿಯಿಂದ ನಿವೃತ್ತರಾದವರು. ಮಗ ಬ್ಯಾಂಕಿನಲ್ಲಿ ಆಫೀಸರು. "ಹುಡುಗಿ ಎಷ್ಟ ಬೇಕಾದ್ರೂ ಓದ್ಲಿ, ನಮ್ಮದೇನೂ ಅಡ್ಡಿ ಇಲ್ಲ" ಎಂದು ಫೋನಿನಲ್ಲಿ ತಾವಾಗಿಯೇ ಹೇಳಿದ್ದರು. ಆ ಒಂದು ಮಾತಿಗಾಗಿ ಅಶ್ವಿನಿ ಸೀರೆ ಉಡಲು ಒಪ್ಪಿದಳು. ಓದೂ ಉಳಿಯುತ್ತದೆ, ಮದುವೆಯೂ ಆಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಉಸಿರು ಬಂತು.

ನನ್ನ ಹೆಂಡತಿಗೆ ಇದ್ದ ಹೆದರಿಕೆ ಒಂದೇ, ಅದು ನನ್ನದು. ಹಿಂದೊಮ್ಮೆ ಹೆಣ್ಣು ನೋಡಲು ಬಂದವರ ಪೈಕಿ ಸೋದರಮಾವನೊಬ್ಬ, ಭೂಮಿಯ ಹೊಟ್ಟೆಯಲ್ಲಿ ದೊಡ್ಡ ಅಯಸ್ಕಾಂತ ಇರುವುದರಿಂದಲೇ ನಾವೆಲ್ಲ ಹಾರಿಹೋಗದೆ ನಿಂತಿದ್ದೇವೆ ಎಂದಿದ್ದ. ನಾನು ಸುಮ್ಮನಿರಲಾರದೆ ಕಾಗದ ಪೆನ್ನು ತಂದು ಗುರುತ್ವಾಕರ್ಷಣೆ ಶುರುಮಾಡಿದ್ದೆ. ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಆದ್ದರಿಂದ ಈ ಸಲ ಬೆಳಿಗ್ಗೆಯಿಂದಲೇ ನನಗೆ ತಾಕೀತು ನಡೆದಿತ್ತು. "ಇವತ್ತ ನೀವು ಪಾಠಾ ಹೇಳಬ್ಯಾಡ್ರಿ. ಅವರು ಸೂರ್ಯಾ ಪಶ್ಚಿಮಕ್ಕ ಹುಟ್ತಾನ ಅಂದ್ರೂ ಹೌದ್ರಿ ಅನ್ರಿ. ಮಗಳ ಮ್ಯಾಲ ಆಣಿ!"

ಮೇ ತಿಂಗಳ ನಾಗಪುರದಲ್ಲಿ ಹೆಣ್ಣು ನೋಡುವ ಶಾಸ್ತ್ರವೆಂದರೆ ಎಲ್ಲರೂ ಕೂಲರ್ ನೋಡುವ ಶಾಸ್ತ್ರ. ದೇಸಾಯರು ಬಂದವರೇ ಅದರ ಎದುರಿನ ಕುರ್ಚಿ ಹಿಡಿದರು. ಅದರ ಗದ್ದಲದಲ್ಲಿ ಕುಶಲಪ್ರಶ್ನೆಯನ್ನೂ ಕೂಗಿಯೇ ಕೇಳಬೇಕು. ಇಲ್ಲಿಯ ಪದ್ಧತಿಯಂತೆ ಒಗ್ಗರಣೆ ಅವಲಕ್ಕಿ ಬಂತು. ನಮ್ಮ ಮರಾಠಿ ನೆರೆಯವರು ಹೆಣ್ಣು ನೋಡುವುದಕ್ಕೇ ಕಾಂದಾ ಪೋಹೆ ಎನ್ನುತ್ತಾರೆ. ಹುಡುಗಿಗಿಂತ ಈರುಳ್ಳಿ ಅವಲಕ್ಕಿಯೇ ಅಲ್ಲಿ ಮುಖ್ಯ. ಹುಡುಗ ತಟ್ಟೆಯಿಂದ ತಲೆ ಎತ್ತಲಿಲ್ಲ. ದೇಸಾಯರು ಎರಡು ಚಮಚ ತಿಂದು ನನ್ನ ಕಡೆ ತಿರುಗಿದರು.

"ಮಾಸ್ತರ್ರ, ಪೇಪರಿನಾಗ ಓದಿದ್ರೇನು? ಬೆಳಕಿಗಿಂತ ಜೋರ ಓಡೋ ಕಣಾ ಅದ ಅಂತ. ಅಣುವಿಗಿಂತಾ ಸಣ್ಣದಂತ. ಆಗೂದಿಲ್ಲ, ಆಗೂದಿಲ್ಲ ಅಂತ ಸೈನ್ಸಿನವರು ಇಷ್ಟ ದಿನಾ ನಮ್ಮ ತಲಿ ತಿಂದ್ರಲ್ಲಾ, ಈಗೇನಂತೀರಿ?"

ಕಾಲೇಜಿನವನನ್ನು ಶಾಲೆಯವರಂತೆ ಮಾಸ್ತರ್ರ ಎಂದದ್ದನ್ನು ನುಂಗಿಕೊಂಡೆ. ಅಡುಗೆಮನೆಯ ಪರದೆಯ ಸಂದಿಯಲ್ಲಿ ಹೆಂಡತಿಯ ಕಣ್ಣು ಕಂಡಿತು. "ಹೌದ್ರಿ" ಎಂದೆ. ಅವಲಕ್ಕಿಯೊಳಗಿನ ಶೇಂಗಾ ಆರಿಸಿ ತಟ್ಟೆಯ ಅಂಚಿಗೆ ಇಡತೊಡಗಿದೆ.

"ಹಂಗಾರ ಅದರ ಮ್ಯಾಲ ಕೂತ್ರ ನಿನ್ನೆಗೆ ವಾಪಸ್ ಹೋಗಬಹುದು. ನಮ್ಮ ಋಷಿಗಳು ಹಂಗ ಹೋಗಿಬಂದು ಮಾಡ್ತಿದ್ರು."

"ಇರಬಹುದ್ರಿ."

ಅಷ್ಟರಲ್ಲಿ ಅಶ್ವಿನಿ ಕಾಫಿಯ ಟ್ರೇ ಹಿಡಿದು ಬಂದಿದ್ದಳು. ಟ್ರೇ ಇಟ್ಟು ಬಹಳ ಮೆತ್ತಗೆ ಹೇಳಿದಳು: "ಕಾಕಾ, ಪೇಪರಿನವರು ಅರ್ಧಾನ ಬರದಾರ. ಬೆಳಕು ನೀರಿನಾಗ ಹೊಕ್ಕರ ನಿಧಾನ ಆಗ್ತದ. ಆವಾಗ ಜೋರಿರೋ ಎಲೆಕ್ಟ್ರಾನ್ ಅದನ್ನ ಹಿಂದ ಹಾಕಿ, ನೀಲಿ ಬೆಳಕು ಚೆಲ್ಲಿಕೋತ ಹೋಗ್ತದ. ಅಣುಸ್ಥಾವರದ ನೀರಿನ ತೊಟ್ಟ್ಯಾಗ ಕಣ್ಣಿಗೇ ಕಾಣ್ತದ. ಆದ್ರ ಏನೂ ಇಲ್ಲದ ಜಾಗಾದಾಗ, ವ್ಯಾಕ್ಯೂಮಿನಾಗ, ಬೆಳಕನ್ನ ಹಿಂದ ಹಾಕೋ ಕಣಾ ಇನ್ನೂ ಯಾರಿಗೂ ಸಿಕ್ಕಿಲ್ಲ. ನಿನ್ನೆಗೆ ಹೋಗೂದಂತೂ ದೂರದ ಮಾತು."

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನ್ನ ಕಣ್ಣು ತುಂಬಿತು. ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಎದ್ದು ನಿಂತು ಬೆನ್ನು ತಟ್ಟಬೇಕೆನಿಸಿತು. ಆದರೆ ದೇಸಾಯರು ಚಮಚ ಕೆಳಗಿಟ್ಟಿದ್ದರು.

"ಮಾಸ್ತರ್ರ, ನೀವೇ ಹೇಳ್ರಿ. ನಾ ಅನ್ನೂದು ಬರೋಬರ್ ಅದನೋ, ನಿಮ್ಮ ಮಗಳು ಅನ್ನೂದೋ?"

ಈಗ ನೀವು ನನ್ನನ್ನು ಬೈಯುವ ಮೊದಲು ಸ್ವಲ್ಪ ಯೋಚಿಸಿ. ನಿರ್ವಾತದಲ್ಲಿ ಬೆಳಕನ್ನು ಯಾವ ಕಣವೂ ಹಿಂದೆ ಹಾಕಲಾರದು ಎಂಬ ಸತ್ಯಕ್ಕೆ ನನ್ನ ಬೆಂಬಲ ಬೇಕಾಗಿಲ್ಲ. ಬಜಾಜ್ ನಗರದಲ್ಲಿ ನಾನು ಹೌದೆಂದರೂ ಅಲ್ಲವೆಂದರೂ ಅದು ತನ್ನ ಪಾಡಿಗೆ ತಾನು ನಡೆಯುತ್ತದೆ. ಮಗಳ ಮದುವೆ ಹಾಗೆ ನಡೆಯುವುದಿಲ್ಲ. ಅವಳ ಸಂಶೋಧನೆಗಾಗಿಯೇ ನಾನು ಸ್ವಲ್ಪ ವಿಜ್ಞಾನವನ್ನು ಬಿಟ್ಟುಕೊಟ್ಟೆ. ದೊಡ್ಡ ದೊಡ್ಡವರು ಇದಕ್ಕಿಂತ ಕಡಿಮೆಗೆ ಇದಕ್ಕಿಂತ ಹೆಚ್ಚು ಬಿಟ್ಟುಕೊಟ್ಟಿದ್ದಾರೆ, ಅವರಿಗೆಲ್ಲ ಶಾಲು ಹೊದಿಸಿದ್ದಾರೆ.

"ಸೈನ್ಸಿನಾಗ ದಿನಾ ಹೊಸಾದು ಬರ್ತದ್ರಿ. ನೀವು ಓದಿದ್ದಽ ಬರೋಬರ್ ಇರಬೇಕು. ಹುಡುಗರಿಗೇನು ಗೊತ್ತಾಗ್ತದ" ಎಂದೆ.

ಅಶ್ವಿನಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಉರಿಯದ ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ತಂತಿ ಹೋಗಿದೆಯೋ ಎಂದು ಖಾತ್ರಿ ಮಾಡಿಕೊಳ್ಳುತ್ತಾರಲ್ಲ, ಹಾಗೆ ನೋಡಿದಳು. ಆಮೇಲೆ ಎಲ್ಲರಿಗೂ ಕಾಫಿ ಕೊಟ್ಟಳು, ನನಗೂ ಕೊಟ್ಟಳು. ದೇಸಾಯರು ಪ್ರಸನ್ನರಾಗಿ ಇನ್ನೊಂದು ತಟ್ಟೆ ಅವಲಕ್ಕಿ ತರಿಸಿಕೊಂಡರು. ಹುಡುಗ ಅಂದು ಮೊದಲ ಸಲ ಬಾಯಿ ತೆರೆದು, ಈ ಕೂಲರ್ ಎಲ್ಲಿ ತಗೊಂಡಿರಿ ಎಂದು ಕೇಳಿದ.

ಸಂಬಂಧ ಕುದುರಿತೆಂದೇ ನಾನು ತಿಳಿದಿದ್ದೆ. ಮುಂದಿನ ವಾರ, ಮಧ್ಯಸ್ಥಿಕೆ ವಹಿಸಿದ್ದ ಕಮಲಾಬಾಯಿ ಫೋನ್ ಮಾಡಿ ದೇಸಾಯರ ಮಾತನ್ನು ಇದ್ದದ್ದು ಇದ್ದಹಾಗೆ ಒಪ್ಪಿಸಿದರು: "ಬ್ಯಾಡಂತ್ರಿ. ಹುಡುಗಿದು ವಾದಾ ಭಾಳಂತ. ಅಪ್ಪಾ ಮಾತ್ರ ಭಾಳ ಛಲೋ ಮನುಷ್ಯಾ, ಯಾವುದಕ್ಕೂ ಇಲ್ಲ ಅನ್ನೂದಿಲ್ಲ. ಹುಡುಗಿ ಅಪ್ಪನ್ಹಂಗ ಇಲ್ಲ ಅಂದ್ರು."

ಹೆಂಡತಿ ಕೂತಲ್ಲೇ ಅತ್ತಳು. ಅವರು ಏನು ಹೇಳಿದರು ಎಂದು ಅಶ್ವಿನಿ ಕೇಳಿದಳು. ಹೇಳಿದೆ. ಅವಳು, "ಅವರು ಹೇಳಿದ್ದರಾಗ ಈ ಕಡೀ ಮಾತೊಂದು ಬರೋಬರ್ ಅದ ನೋಡಪಾ" ಎಂದು ಒಳಗೆ ಹೋದಳು.

ಮೂವತ್ತು ವರ್ಷ ಪರೀಕ್ಷೆಯ ಉತ್ತರಗಳಲ್ಲಿ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವನು ನಾನು. ಆ ಉತ್ತರವನ್ನು ಎಷ್ಟು ತಿರುವಿ ನೋಡಿದರೂ ಕತ್ತರಿಸಲು ಅರ್ಧ ಅಂಕವೂ ಸಿಗಲಿಲ್ಲ.